ವಾಪಸು ಟಪಾಲಿನ ಟಿಕೀಟು

ನನ್ನ ಹೆಸರಿನಲ್ಲಿ ಇರುವುದು ಒಂದೇ ಪುಸ್ತಕ. ಅದನ್ನು ಬರೆಯಲು ಹಿಡಿದದ್ದಕ್ಕಿಂತ ಹೆಚ್ಚು ಕಾಲ, ಅದರ ಕಟ್ಟುಗಳನ್ನು ಮನೆಯಲ್ಲಿ ಎಲ್ಲಿಡುವುದೆಂದು ಯೋಚಿಸುವುದರಲ್ಲಿ ಹೋಗಿದೆ. ಇಷ್ಟಾದರೂ ಪುಸ್ತಕ ಹೊರತರುವ ವಿದ್ಯೆಯಲ್ಲಿ ನಾನು ಪಳಗಿದವನೆಂದು ಈ ಕಡೆ ಯಾರೋ ಸುದ್ದಿ ಹಬ್ಬಿಸಿದ್ದಾರೆ. ಶಿರಹಟ್ಟಿಯಿಂದ, ಲಕ್ಷ್ಮೇಶ್ವರದಿಂದ, ಒಮ್ಮೆ ಡಂಬಳದಿಂದ ಕೂಡ ಹೊಸ ಲೇಖಕರು ಬೆಟಗೇರಿಯ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಾರೆ. ಎಲ್ಲರ ಪ್ರಶ್ನೆಯೂ ಒಂದೇ. ಪ್ರಕಾಶಕರಿಗೆ ಕೊಡಬೇಕೋ, ನಾವೇ ಅಚ್ಚು ಹಾಕಿಸಬೇಕೋ? ನಾನು ಚಹಾ ಮಾಡಿಸುತ್ತೇನೆ. ಚಹಾ ಕುಡಿದ ಮೇಲೂ ಅವರು ಏಳದಿದ್ದರೆ ಈ ವರ್ಷದ ಮಳೆಯ ಬಗ್ಗೆ ಮಾತಾಡುತ್ತೇನೆ.

ಹೋದ ವಾರ ಶಿರಹಟ್ಟಿಯಿಂದ ಒಬ್ಬ ಶಿಕ್ಷಕಿ ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಕಾದಂಬರಿ. ಮೊದಲು ಕೈಬರಹ ತೆಗೆದು ತೋರಿಸಿ, ಆಮೇಲೆ ಗದಗಿನಲ್ಲಿ ಮಾಡಿಸಿದ್ದೆಂದು ಅದರ ಝೆರಾಕ್ಸ್ ಪ್ರತಿ ತೆಗೆದು ತೋರಿಸಿದರು. ಆ ಎರಡನೇ ಪ್ರತಿಯನ್ನು ನಾನು ಎಷ್ಟು ಹೊತ್ತು ನೋಡುತ್ತಾ ಕುಳಿತೆನೆಂದರೆ, ಅವರು ಬರಹದಲ್ಲೇ ಏನೋ ತಪ್ಪಿದೆ ಎಂದು ಗಾಬರಿಯಾದರು. ನಾನು ಒಂದು ಗಂಟೆ ಮಾತಾಡಿದೆ, ಅವರ ಪ್ರಶ್ನೆಗೆ ಮಾತ್ರ ಉತ್ತರ ಹೇಳಲಿಲ್ಲ. ಅವತ್ತು ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಹೇಳುತ್ತೇನೆ. ಇದರಲ್ಲಿ ನನ್ನ ಮರ್ಯಾದೆ ಹೆಚ್ಚುವಂಥದ್ದೇನೂ ಇಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಮುಂಡರಗಿಯ ಟಪಾಲು ಕಚೇರಿಯಲ್ಲಿ ಕಾರಕೂನನಾಗಿದ್ದೆ. ಲೇಖಕನಾಗಬೇಕೆಂದು ಹೊರಟವನು ಟಪಾಲು ಕಚೇರಿಯಲ್ಲಿ ಕೆಲಸಕ್ಕೆ ಸೇರಲೇಬಾರದು. ಬೇರೆಯವರ ಹಸ್ತಪ್ರತಿ ತಿರಸ್ಕಾರವಾಗಿ ಬಂದರೆ ಅದು ಅವರಿಗೂ ಅವರ ದೇವರಿಗೂ ಮಾತ್ರ ಗೊತ್ತು. ನನ್ನದು ಬಂದರೆ ಮೊದಲು ಚೀಲದಿಂದ ಕೆಳಗೆ ಬೀಳುವುದು ನನ್ನ ಕಣ್ಣೆದುರಿಗೇ. ಅದನ್ನು ರಜಿಸ್ಟರಿನಲ್ಲಿ ಬರೆಯುವವನು ನಾನು, ಅದರ ಮೇಲೆ ಸಿಕ್ಕಾ ಹೊಡೆಯುವವನು ನಾನು, ಮುಟ್ಟಿತೆಂದು ರುಜು ಹಾಕುವವನೂ ನಾನೇ. ನಮ್ಮ ಪೋಸ್ಟಮಾಸ್ತರರು ಸಭ್ಯಸ್ಥರು. ಅಂಥ ದಿನ ಎದ್ದು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದರು.

ಹೀಗೆ ನನ್ನ ಪ್ರಬಂಧಗಳ ಕಟ್ಟು ಮೂರು ಊರಿನ ಮೂವರು ಪ್ರಕಾಶಕರ ಮನೆ ನೋಡಿಕೊಂಡು ಮೂರು ಸಲ ಮರಳಿ ಬಂತು. ಆಗಿನ ಪದ್ಧತಿ ನಿಮಗೆ ಗೊತ್ತಿರಬಹುದು. ಹಸ್ತಪ್ರತಿ ಕಳಿಸುವಾಗ ನಮ್ಮ ವಿಳಾಸ ಬರೆದ ಲಕೋಟೆ, ವಾಪಸು ಖರ್ಚಿಗೆ ಬೇಕಾದಷ್ಟು ಅಂಚೆಯ ಟಿಕೀಟು ಒಳಗೆ ಇಟ್ಟು ಕಳಿಸಬೇಕು. ಒಲ್ಲೆವೆಂದರೆ ಪ್ರಕಾಶಕರು ಅದೇ ಟಿಕೀಟು ಹಚ್ಚಿ ಅದೇ ಲಕೋಟೆಯಲ್ಲಿ ತಿರುಗಿ ಕಳಿಸುತ್ತಾರೆ. ಬೇಸಾಯದ ಮನೆಯವರು ಬೀಜದ ಜೋಳ ಎತ್ತಿಡುವಷ್ಟು ನಿಷ್ಠೆಯಿಂದ ನಾನು ಪ್ರತಿ ಸಲ ಟಿಕೀಟು ಎತ್ತಿಟ್ಟು ಕಳಿಸಿದೆ. ಪ್ರಕಾಶಕರೂ ಅಷ್ಟೇ ನಿಷ್ಠೆಯಿಂದ ಅದನ್ನು ಬಳಸಿದರು.

ಮೂರನೇ ಸಲ ಬಂದಾಗ ನನಗೊಂದು ಸಿದ್ಧಾಂತ ಹೊಳೆಯಿತು. ತಪ್ಪು ಪ್ರಬಂಧಗಳದ್ದಲ್ಲ, ಟಿಕೀಟಿನದು. ನಮ್ಮ ಕಡೆ ಜನ ಎಂಥವರೆಂದು ನೋಡಿ. ಕೈಯಲ್ಲಿ ಬಳೆ ಒಡೆದರೆ ಒಡೆದವು ಎನ್ನುವುದಿಲ್ಲ, ಹೆಚ್ಚಿದವು ಎನ್ನುತ್ತಾರೆ. ಗಡಿಗೆಯಲ್ಲಿ ಅಕ್ಕಿ ತೀರಿದರೂ ಹೆಚ್ಚಿತು. ಕೆಲಸಕ್ಕೆ ಹೊರಟವನನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ, ಕೇಳಿದರೆ ಅವನು ಒಳಗೆ ಬಂದು ನೀರು ಕುಡಿದು ಮತ್ತೆ ಹೊರಡುತ್ತಾನೆ. ಕೆಟ್ಟದ್ದನ್ನು ಬಾಯಿಂದ ಆಡಿದರೆ ಅದು ಆಗಿಯೇ ತೀರುತ್ತದೆಂದು ನಂಬಿದ ಜನ ನಾವು. ಹೀಗಿದ್ದು, ಮುಂದೆ ಪುಸ್ತಕವಾಗಬೇಕಾದ ಕಟ್ಟಿನ ಹೊಟ್ಟೆಯೊಳಗೇ 'ವಾಪಸು' ಎಂಬ ಮಾತನ್ನು ನಾವೇ ಇಟ್ಟು ಹೊಲಿದು ಕಳಿಸುವುದೆಂದರೇನು? ಕನ್ಯೆ ನೋಡಲು ಹೋಗುವವನು 'ಒಲ್ಲೆ' ಎಂದು ಬರೆದ ಚೀಟಿಯನ್ನು ತಾನೇ ತಯಾರು ಮಾಡಿಕೊಂಡು ಬೀಗರ ಕೈಯಲ್ಲಿ ಕೊಡುವ ಹಾಗೆ. ಈ ಸಿದ್ಧಾಂತ ನನ್ನ ಪ್ರಬಂಧಗಳ ಮಾನ ಕಾಪಾಡುತ್ತಿದ್ದುದರಿಂದ ನನಗೆ ಬಹಳ ಹಿಡಿಸಿತು.

ಆ ದಿನಗಳಲ್ಲೇ ಹುಸೇನ ಮಾಸ್ತರ ತನ್ನ ಕಥೆಗಳ ಕಟ್ಟು ಹಿಡಿದುಕೊಂಡು ನನ್ನ ಕೌಂಟರಿಗೆ ಬಂದ.

ಹುಸೇನ ಕೊರ್ಲಹಳ್ಳಿಯ ಪ್ರಾಥಮಿಕ ಶಾಲೆಯ ಮಾಸ್ತರ. ಮುಂಡರಗಿಯ ನದಾಫರ ಮನೆಯ ಮಗ. ಅವನ ತಂದೆ ಹತ್ತಿ ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿ ಗಾದಿ ತುಂಬಿಕೊಡುತ್ತಿದ್ದವರು. ನಾನೂ ಅವನೂ ಹೈಸ್ಕೂಲಿನಿಂದ ಗೆಳೆಯರು. ನಾನು ಬರೆದದ್ದನ್ನೆಲ್ಲ ಅವನಿಗೆ ಓದಿ ಹೇಳುತ್ತಿದ್ದೆ. ಅವನು ಬರೆಯುತ್ತಾನೆಂಬುದು ಮಾತ್ರ ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ. ಆರು ವರ್ಷ ಬರೆದ ಹನ್ನೊಂದು ಕಥೆಗಳು, ಮಾಸ್ತರಿಕೆಯ ದುಂಡು ಅಕ್ಷರದಲ್ಲಿ ಶುದ್ಧ ಪ್ರತಿ ಮಾಡಿದ್ದ. ಒಂದು ದಿನ ಇಟ್ಟುಕೊಂಡು ಓದು, ನಾಳೆ ಬಂದು ರಜಿಸ್ಟರ್ ಮಾಡುತ್ತೇನೆ ಎಂದು ಕೊಟ್ಟು ಹೋದ.

ಮಧ್ಯಾಹ್ನದ ಚೀಲ ಹೋಗಿ ಸಂಜೆಯ ಚೀಲ ಕಟ್ಟುವವರೆಗೆ ನನಗೆ ಕೆಲಸ ಕಡಿಮೆ. ಆ ಹೊತ್ತಿನಲ್ಲಿ ಓದಿದೆ. ಒಂದು ಕಥೆ ಈಗಲೂ ನೆನಪಿದೆ. ಒಬ್ಬ ನದಾಫನಿಗೆ ಮದುವೆಮನೆಯಿಂದ ಕರೆ ಬರುತ್ತದೆ. ಹಳೆ ಗಾದಿ ಬಿಚ್ಚಿ ಹತ್ತಿ ಹಿಂಜಿ ಹೊಸದಾಗಿ ತುಂಬಿಕೊಡಬೇಕು. ಅವನು ಹೊಲಿಗೆ ಬಿಚ್ಚಿ ನೋಡಿದರೆ, ಅದು ತೀರಿಹೋದ ತನ್ನ ಮಗಳ ಮದುವೆಗೆ ತಾನೇ ತುಂಬಿಕೊಟ್ಟ ಗಾದಿ. ಅಳಿಯನ ಎರಡನೇ ಮದುವೆಗೆ ತಯಾರಾಗುತ್ತಿದೆ. ಕೆಲಸ ಹೇಳಿದವರು ಹೊಸ ಹೆಣ್ಣಿನ ಮನೆಯವರು, ಅವರಿಗೆ ಇವನು ಯಾರೆಂಬುದು ಗೊತ್ತಿಲ್ಲ. ಇವನು ಹೇಳುವುದೂ ಇಲ್ಲ. ಮೆತ್ತಗೆ ಬೇಕೋ ಗಟ್ಟಿ ಬೇಕೋ ಎಂದಷ್ಟೇ ಕೇಳಿ ಹಿಂಜಲು ಕೂಡುತ್ತಾನೆ. ಇಷ್ಟೇ ಕಥೆ. ನಾನು ಹಾಳೆಗಳನ್ನು ಜೋಡಿಸಿ, ಮತ್ತೆ ಮೊದಲಿನಿಂದ ಓದಿದೆ. ಒಂದು ಮೆಚ್ಚುಗೆ, ಅದರ ಬೆನ್ನಿಗೇ ಹೊಟ್ಟೆಯಲ್ಲೊಂದು ಉರಿ. ನನ್ನ ಮೂರೂ ಸಲದ ತಿರಸ್ಕಾರ ಸೇರಿದರೂ ಅಷ್ಟು ಉರಿ ಆಗಿರಲಿಲ್ಲ. ಪ್ರಕಾಶಕರು ಒಲ್ಲೆವೆಂದರೆ ಅವರಿಗೆ ತಿಳಿಯುವುದಿಲ್ಲ ಎಂದುಕೊಳ್ಳಬಹುದು, ಹುಸೇನನ ಕಥೆಗಳ ಎದುರು ನನ್ನ ಪ್ರಬಂಧಗಳು ಎಷ್ಟರವು ಎಂಬುದು ಸ್ವತಃ ನನಗೇ ತಿಳಿದುಬಿಟ್ಟಿತ್ತು.

ಮರುದಿನ ಅವನು ಬಂದ. ಚಲೋ ಅದಾವು ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನಾಲಿಗೆ ಏಳಲಿಲ್ಲ. ಅವನು ಪದ್ಧತಿಯಂತೆ ವಿಳಾಸದ ಲಕೋಟೆ, ಟಿಕೀಟು ಎಲ್ಲ ತಂದಿದ್ದ. ಆಗ ನಾನು ನನ್ನ ಸಿದ್ಧಾಂತವನ್ನು ಬಿಚ್ಚಿದೆ. ಬಳೆ ಹೆಚ್ಚುವುದು, ಅಕ್ಕಿ ಹೆಚ್ಚುವುದು, ಕನ್ಯೆ ನೋಡುವುದು, ಒಂದನ್ನೂ ಬಿಡಲಿಲ್ಲ. ಟಿಕೀಟು ತೆಗೆ, ಮರಳಿ ಬರುವ ಯೋಚನೆಯೇ ಇಲ್ಲದೆ ಕಳಿಸು, ಪ್ರಕಾಶಕರಿಗೂ ಅದರ ಗತ್ತು ಗೊತ್ತಾಗಲಿ ಎಂದೆ. ಹುಸೇನ ನಕ್ಕ. ಟಪಾಲಿನವನು ಹೇಳಿದ ಮೇಲೆ ಆಯಿತೆಂದು ಲಕೋಟೆ, ಟಿಕೀಟು ಹೊರಗೆ ತೆಗೆದು ನನ್ನ ಕೈಯಲ್ಲೇ ಕೊಟ್ಟ. ನಾನು ಕಟ್ಟನ್ನು ಅರಿವೆಯಲ್ಲಿ ಹೊಲಿದು ಅರಗಿನ ಮುದ್ರೆ ಹಾಕಿದೆ. ಆ ಟಿಕೀಟುಗಳನ್ನು ಮುಂದಿನ ತಿಂಗಳು ನನ್ನದೇ ಒಂದು ಪ್ರಬಂಧ ಪತ್ರಿಕೆಗೆ ಕಳಿಸಲು ಹಚ್ಚಿದೆ. ಇದನ್ನೂ ಬರೆದಿದ್ದೇನೆ.

ಕಟ್ಟು ಮುಟ್ಟಿತೆಂದು ಸಹಿಯಾದ ಕಾರ್ಡು ಎಂಟು ದಿನದಲ್ಲಿ ಬಂತು. ಆಮೇಲೆ ಏನೂ ಬರಲಿಲ್ಲ. ಏನೂ ಬರದಿರುವುದು ಒಳ್ಳೆಯ ಲಕ್ಷಣವೆಂದು ನಾನು ಅವನಿಗೆ ಹೇಳುತ್ತಿದ್ದೆ. ಅವನು ಎರಡು ಕಾರ್ಡು ಬರೆದ. ಮತ್ತೆ ಸುಮ್ಮನಾದ. ಹೀಗೆ ಎರಡು ವರ್ಷವಾದ ಮೇಲೆ ಬೇಸಿಗೆಯ ಸೂಟಿಯಲ್ಲಿ ತಾನೇ ಆ ಪ್ರಕಾಶಕರ ಊರಿಗೆ ಹೋಗಿ ಬಂದ. ಬಂದವನು ನೇರ ಕಚೇರಿಗೆ ಬಂದು ಬಾಕಿನ ಮೇಲೆ ಕುಳಿತು, ಬಹಳ ಮರ್ಯಾದೆಯ ಜನ, ಚಹಾ ಕೊಟ್ಟರು ಎಂದ. ಆಮೇಲೆ ಹೇಳಿದ.

"ವಾಪಸು ಟಿಕೀಟು ಇಲ್ಲದ್ದನ್ನ ಆರು ತಿಂಗಳ ಇಟ್ಟು ನೋಡತಾರಂತ. ಆಮ್ಯಾಲೆ ರದ್ದಿಗೆ ಹಾಕತಾರಂತ. ಅವರದು ಹಂಗ ಕಾಯದೇ ಐತಂತ."

ಓದಿದ್ದರಂತೇನು ಎಂದು ಕೇಳಿದೆ. ಅದು ಅವರಿಗೆ ನೆನಪಿರಲಿಲ್ಲವಂತೆ. ಕರಡು ಪ್ರತಿ ಎಲ್ಲಿ ಎಂದು ಕೇಳಿದೆ. ಶುದ್ಧ ಪ್ರತಿ ಹೋದ ಮೇಲೆ ಕರಡಿನ ದೊಡ್ಡ ಹಾಳೆಗಳನ್ನು ಅವನು ಶಾಲೆಯ ಮಕ್ಕಳಿಗೆ ಪುಸ್ತಕಕ್ಕೆ ಹೊದಿಕೆ ಹಾಕಲು ಕೊಟ್ಟಿದ್ದ. ಒಂದು ವರ್ಷ ಪೂರ್ತಿ ಕೊರ್ಲಹಳ್ಳಿಯಲ್ಲಿ ಗಣಿತದ ಪುಸ್ತಕಗಳ ಬೆನ್ನ ಮೇಲೆ ಅವನ ಕಥೆಗಳು ಓಡಾಡಿದ್ದವು. ಮತ್ತೆ ಬರಿ ಎಂದು ನಾನು ಅಂಗಲಾಚಿದೆ. ನೀನು ಹೇಳು, ನಾನು ಬರೆದುಕೊಳ್ಳುತ್ತೇನೆ ಎಂದೆ. ಒಮ್ಮೆ ಪ್ರಯತ್ನಿಸಿದೆವು ಕೂಡ. ನಾಲ್ಕು ಸಾಲು ಹೇಳಿ ನಿಲ್ಲಿಸಿದ. ಮೊದಲು ಹೀಗಿರಲಿಲ್ಲ, ಹೇಗಿತ್ತೆಂದು ನೆನಪಿಲ್ಲ, ಈಗ ಹೇಳುವುದೆಲ್ಲ ಬೇರೆಯವನು ಬರೆದದ್ದರ ಹಾಗೆ ಕೇಳಿಸುತ್ತದೆ ಎಂದ. ಅಲ್ಲಿಂದ ಅವನು ಬರೆಯಲೇ ಇಲ್ಲ.

ಪ್ರಕಾಶಕರ ಸಹವಾಸಕ್ಕೆ ಹೆದರಿ ನಾನು ಎರಡನೇ ದಾರಿ ಹಿಡಿದದ್ದು ಇದಾದ ಮೇಲೆ. ಆ ಹೊತ್ತಿಗೆ ನನಗೆ ಗದಗಿಗೆ ವರ್ಗವಾಗಿತ್ತು. ಬೆಟಗೇರಿಯ ಒಂದು ಸಣ್ಣ ಪ್ರೆಸ್ಸಿಗೆ ಹೋದೆ. ಅವರ ಮುಖ್ಯ ಕೆಲಸ ಲಗ್ನಪತ್ರಿಕೆ, ಹತ್ತಿ ದಲಾಲಿ ಅಂಗಡಿಗಳ ಪಾವತಿ ಪುಸ್ತಕ. ಮಾಲಕರು ನನ್ನ ಕಟ್ಟನ್ನು ನೋಡಿ, ಮುಹೂರ್ತ ಯಾವಾಗ ಎಂದು ಕೇಳಿದರು. ಪುಸ್ತಕವೆಂದು ತಿಳಿದ ಮೇಲೆ ಅವರ ಮುಖ ಸಪ್ಪಗಾಯಿತು.

ಸ್ವಂತ ಖರ್ಚಿನಲ್ಲಿ ಪುಸ್ತಕ ಹಾಕಿಸುವವನಿಗೆ ಪೂರ್ಣ ಸ್ವಾತಂತ್ರ್ಯವೆಂದು ಹೇಳುತ್ತಾರೆ. ನನ್ನ ಸ್ವಾತಂತ್ರ್ಯ ಎಷ್ಟಿತ್ತೆಂದರೆ, ಆ ಪ್ರೆಸ್ಸಿನಲ್ಲಿ ಎಂಟು ಪುಟಕ್ಕೆ ಸಾಲುವಷ್ಟೇ ಅಚ್ಚಿನ ಮೊಳೆಗಳಿದ್ದವು. ಎಂಟು ಪುಟ ಜೋಡಿಸಿ, ಅಚ್ಚು ಮಾಡಿ, ಬಿಚ್ಚಿ, ಮುಂದಿನ ಎಂಟು ಪುಟಕ್ಕೆ ಕೈಹಾಕಬೇಕು. ಅದರಲ್ಲೂ 'ಳು' ಬಹಳ ಕೊರತೆ. ಮೊಳೆ ಜೋಡಿಸುವ ರಜಾಕಸಾಬರು ಒಂದು ದಿನ ವಿನಯದಿಂದಲೇ, ಎತ್ತುಗಳು, ಮನೆಗಳು, ಮರಗಳು ಎಂದು ಬರೆಯುವ ಬದಲು ಒಂದೊಂದೇ ಇಟ್ಟರೆ ಆಗುವುದಿಲ್ಲವೇ ಎಂದು ಕೇಳಿದರು. ನಾನು ಒಪ್ಪಿದೆ. ಹೀಗಾಗಿ ನನ್ನ ಪುಸ್ತಕದಲ್ಲಿ ರೈತನೊಬ್ಬ ಒಂದೇ ಎತ್ತಿನಿಂದ ನೇಗಿಲು ಹೊಡೆಯುತ್ತಾನೆ. ಪ್ರಕಾಶಕರು ಓದುಗರ ಸಲುವಾಗಿ ತಿದ್ದುತ್ತಾರಂತೆ, ನನ್ನನ್ನು ಮೊಳೆಯ ಪೆಟ್ಟಿಗೆ ತಿದ್ದಿತು. ಇನ್ನು ಲಗ್ನದ ತಿಂಗಳು ಬಂದರೆ ಜೋಡಿಸಿಟ್ಟ ಪುಟಗಳನ್ನೇ ಬಿಚ್ಚಿ ಅದರ ಮೊಳೆಗಳನ್ನು ಲಗ್ನಪತ್ರಿಕೆಗೆ ಬಳಸುತ್ತಿದ್ದರು. ಗದಗಿನ ಎಷ್ಟೋ ಮದುವೆಗಳು ನನ್ನ ಪ್ರಬಂಧಗಳ ಅಕ್ಷರಗಳಿಂದ ಆಗಿವೆ.

ಕರಡು ತಿದ್ದಲು ರವಿವಾರಕ್ಕೊಮ್ಮೆ ಕೊರ್ಲಹಳ್ಳಿಯಿಂದ ಬಸ್ಸು ಹಿಡಿದು ಹುಸೇನ ಬರುತ್ತಿದ್ದ. ನಾನು ಕರೆದಿರಲಿಲ್ಲ. ಪ್ರೆಸ್ಸಿನ ಕಟ್ಟೆಯ ಮೇಲೆ ಕುಳಿತು, ಶಾಲೆಯ ಕೆಂಪು ಶಾಯಿಯ ಪೆನ್ನಿನಿಂದ ನನ್ನ ತಪ್ಪುಗಳನ್ನು ಒಂದೊಂದಾಗಿ ಹಿಡಿಯುತ್ತಿದ್ದ. ಎಲ್ಲಾದರೂ ವಾಕ್ಯ ಕುಂಟಿದ್ದರೆ ತಿದ್ದಿ, ಇದು ಹೀಗಿದ್ದರೆ ನಡೆಯುತ್ತದೆಯೇ ಎಂದು ನನ್ನ ಅಪ್ಪಣೆ ಕೇಳುತ್ತಿದ್ದ. ನನ್ನ ಪುಸ್ತಕದಲ್ಲಿ ಜನ ಮೆಚ್ಚಿದ ಕೆಲವು ಸಾಲುಗಳು ಅವನವು. ಜನ ಎಂದರೆ ಆರೇಳು ಮಂದಿ.

ಪುಸ್ತಕ ಅಚ್ಚಾಗಿ ಜಟಕಾದಲ್ಲಿ ಮನೆಗೆ ಬಂತು. ಕಟ್ಟುಗಳನ್ನು ಹಿಂದೆ ಮಗ್ಗವಿದ್ದ ಕೋಣೆಯಲ್ಲಿ ಪೇರಿಸಿದೆವು. ನಮ್ಮವ್ವ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದಳು. ಆಮೇಲೆ ಆರು ತಿಂಗಳು ಅದರ ಮೇಲೆ ಕುಳಿತು ಕಾಳು ಹಸನು ಮಾಡಿದಳು. ಮಾರಲು ನನಗೆ ಬರಲಿಲ್ಲ. ಪರಿಚಯದವರಿಂದ ಪುಸ್ತಕಕ್ಕೆ ಹಣ ಕೇಳುವುದು ನಮ್ಮ ಕಡೆ ಊಟಕ್ಕೆ ಕರೆದು ಹಣ ಕೇಳಿದಂತೆ. ಅಪರಿಚಿತರಿಗೆ ನನ್ನ ಪುಸ್ತಕ ಯಾಕೆ ಬೇಕು? ಹೀಗಾಗಿ ಮದುವೆ, ಗೃಹಪ್ರವೇಶ ಎಲ್ಲಿಗೆ ಹೋದರೂ 'ಸಪ್ರೇಮ' ಎಂದು ಬರೆದು ರುಜು ಮಾಡಿ ಆಹೇರಿಯಾಗಿ ಕೊಡತೊಡಗಿದೆ. ಲಕ್ಷ್ಮೇಶ್ವರದ ಬೀಗರೊಬ್ಬರಿಗೆ ಕೊಟ್ಟ ಪ್ರತಿ, ಯಾರ್ಯಾರ ಮದುವೆಗೆ ಹೋಯಿತೋ, ಹದಿನೈದು ವರ್ಷದ ಮೇಲೆ ನನ್ನ ಮಗಳ ಮದುವೆಯಲ್ಲಿ ನಮಗೇ ಆಹೇರಿಯಾಗಿ ಬಂತು. ಒಳಗೆ ನನ್ನದೇ ರುಜು. ಹಾಳೆ ಬಿಡಿಸಿದ ಗುರುತಿರಲಿಲ್ಲ. ವಾಪಸು ಟಿಕೀಟು ಇಲ್ಲದೆಯೂ ಮನೆಗೆ ಬರುವ ಶಕ್ತಿ ನನ್ನ ಬರಹಕ್ಕಿದೆ ಎಂದು ಹೆಂಡತಿ ಅಂದಳು. ಎಲ್ಲರೂ ನಕ್ಕರು. ಹುಸೇನನೂ ಅಲ್ಲೇ ಇದ್ದ, ಅವನೂ ನಕ್ಕ. ನನಗೆ ಅವತ್ತು ಊಟ ಸೇರಲಿಲ್ಲ.

ಲಕ್ಷ್ಮೇಶ್ವರಕ್ಕೆ ಹೋದಾಗಲೆಲ್ಲ ನಾನು ಅಲ್ಲಿಯ ಹಳೆಯ ಶಾಸನಗಳನ್ನು ನೋಡುತ್ತಾ ನಿಲ್ಲುತ್ತೇನೆ. ಆ ಕಾಲದಲ್ಲಿ ಪ್ರಕಾಶಕರೋ ಸ್ವಂತವೋ ಎಂಬ ಪ್ರಶ್ನೆಯೇ ಇರಲಿಲ್ಲ ಅನ್ನಿಸುತ್ತದೆ. ದಾನ ಕೊಟ್ಟವನೇ ಬರೆಯಿಸಿ, ಕಡೆಯಿಸಿ, ಬಯಲಿನಲ್ಲಿ ನಿಲ್ಲಿಸುತ್ತಿದ್ದ. ಒಂದೇ ಪ್ರತಿ. ಅದೂ ಕಲ್ಲಿನದು, ರದ್ದಿಗೆ ಹೋಗುವಂಥದ್ದಲ್ಲ. ಅಷ್ಟರ ಮೇಲೂ ಅವರಿಗೆ ಧೈರ್ಯ ಸಾಲದೆ, ಇದನ್ನು ಅಳಿಸಿದವನಿಗೆ ಇಂತಿಂಥ ಪಾಪ ತಟ್ಟಲಿ ಎಂದು ಕೊನೆಯಲ್ಲಿ ಶಾಪ ಬರೆಸಿದ್ದಾರೆ. ಬರೆದದ್ದು ಅಳಿಯುತ್ತದೆಂಬ ಹೆದರಿಕೆ ರಾಜರಿಗೇ ಅಷ್ಟಿತ್ತು. ಆ ಶಾಪದ ಸಾಲುಗಳ ಎದುರು ನಿಂತಾಗ ನನಗೆ ಅವು ನನ್ನ ಸಲುವಾಗಿಯೇ ಕೆತ್ತಿದಂತೆ ಕಾಣುತ್ತವೆ.

ಹಾಗಾದರೆ ಯಾವ ದಾರಿ ಮೇಲು? ಪ್ರಕಾಶಕರ ದಾರಿಯಲ್ಲಿ ಬೇರೆಯವರು ನಿಮ್ಮನ್ನು ಬೇಡವೆನ್ನುತ್ತಾರೆ. ಅದು ಒಂದು ಸಲ, ಕಾಗದದ ಮೇಲೆ. ಸ್ವಂತದ ದಾರಿಯಲ್ಲಿ ಯಾರೂ ಬೇಡವೆನ್ನುವುದಿಲ್ಲ, ಕೊಟ್ಟದ್ದನ್ನು ನಗುತ್ತ ತೆಗೆದುಕೊಂಡು ಕಪಾಟಿನಲ್ಲಿ ಇಡುತ್ತಾರೆ. ಅದನ್ನು ನೀವು ಜೀವಮಾನವಿಡೀ ನೋಡುತ್ತಿರಬೇಕು. ಪ್ರಕಾಶಕರು ಒಪ್ಪಿದರೆ ನಿಮ್ಮ ಪುಸ್ತಕ ನೀವು ಕಾಣದ ಊರುಗಳಿಗೆ ಹೋಗುತ್ತದೆ. ನೀವೇ ಹಾಕಿಸಿದರೆ ನಿಮ್ಮ ಕೈಚೀಲ ಹೋದಷ್ಟು ದೂರ ಹೋಗುತ್ತದೆ, ನನ್ನದು ಲಕ್ಷ್ಮೇಶ್ವರ ದಾಟಿಲ್ಲ. ಹುಸೇನನ ಕಥೆಗಳಿಗೆ ಒಬ್ಬ ಪ್ರಕಾಶಕ ಬೇಕಾಗಿತ್ತು. ನನ್ನ ಪ್ರಬಂಧಗಳಿಗೆ ಒಬ್ಬ ಬೇಡವೆನ್ನುವವನು ಬೇಕಾಗಿದ್ದ, ಮೂವರು ಸಿಕ್ಕಿದ್ದರು, ನಾನು ಕೇಳಲಿಲ್ಲ. ದಾರಿ ಇಬ್ಬರಿಗೂ ತಪ್ಪಿತು. ತಪ್ಪಿಸಿದವನು ನಾನೊಬ್ಬನೇ.

ಈ ಮಾತನ್ನು ನಾನು ಹುಸೇನನಿಗೆ ಹೇಳಿದ್ದು ಹೋದ ವರ್ಷ, ಅವನ ನಿವೃತ್ತಿಯ ದಿನ. ಶಾಲೆಯವರು ಶಾಲು ಹೊದಿಸಿ ಕಳಿಸಿದ ಮೇಲೆ ಇಬ್ಬರೂ ಹೊಳೆಯ ದಂಡೆಯಲ್ಲಿ ಕುಳಿತಿದ್ದೆವು. ತುಂಗಭದ್ರೆಯಲ್ಲಿ ನೀರು ಕಡಿಮೆ ಇತ್ತು. ಮಕ್ಕಳು ಎಮ್ಮೆ ತೊಳೆಯುತ್ತಿದ್ದರು. ಇನ್ನು ವೇಳೆ ಇದೆಯಲ್ಲ, ಬರಿ ಎಂದೆ. ಅವನು ತಲೆ ಅಲ್ಲಾಡಿಸಿದ. ಆಗ ನನಗೆ ತಡೆಯಲಾಗಲಿಲ್ಲ.

"ನಿನ್ನ ಕಥಿ ನನ್ನವಕ್ಕಿಂತ ಭಾಳ ಚಲೋ ಇದ್ದೂವು, ಹುಸೇನ. ಅದು ನನಗ ಅವತ್ತ ಗೊತ್ತಾಗಿತ್ತು. ಟಿಕೀಟು ತಗಿ ಅಂತ ಅಂದದ್ದು ನನ್ನ ಹೊಟ್ಟಿಕಿಚ್ಚು ಇರಬೇಕು. ಇಷ್ಟ ವರ್ಷ ಹೇಳಾಕ ಆಗಲಿಲ್ಲ."

ಅವನು ನನ್ನ ಕಡೆ ನೋಡಲಿಲ್ಲ. ಹೆಗಲ ಮೇಲಿನ ಶಾಲು ತೆಗೆದು ಮಡಚಿ ತೊಡೆಯ ಮೇಲೆ ಇಟ್ಟುಕೊಂಡ. ನನಗೆ ಅವನು ಬೈದರೆ ಸಾಕೆನ್ನಿಸಿತ್ತು. ಎದ್ದು ಹೋಗಿದ್ದರೂ ತಡೆದುಕೊಳ್ಳುತ್ತಿದ್ದೆ. ಅವನು ಬಹಳ ಸಹಜವಾಗಿ, ಮನೆಯ ಯಾವುದೋ ಮರೆತ ವಿಷಯ ಹೇಳುವ ಹಾಗೆ ಹೇಳಿದ.

"ನಿನ್ನ ಮಾತು ನಾ ಎಲ್ಲಿ ಕೇಳಿದ್ನೆಪಾ? ನೀ ಅರಿವಿ ತರಾಕ ಒಳಗ ಹೋದಾಗ ಟಿಕೀಟು ಮತ್ತ ಕಟ್ಟಿನಾಗ ಇಟ್ಟಬಿಟ್ಟಿದ್ನಿ. ಅವರ ಕಳಸಲಿಲ್ಲ, ಅದಕ್ಕ ನೀ ಏನ ಮಾಡತಿ?"

ನಾನು ಅವನ ಮುಖ ನೋಡಿದೆ. ಅವನು ಹೊಳೆ ನೋಡುತ್ತಿದ್ದ. ಟಿಕೀಟುಗಳನ್ನು ಅವನು ನನ್ನ ಕೈಯಲ್ಲಿ ಎಣಿಸಿ ಕೊಟ್ಟದ್ದು, ನಾನು ಅವನ್ನು ಖಾನೆಯಲ್ಲಿ ಹಾಕಿ ಮುಚ್ಚಿದ್ದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದೂ ಅವನಿಗೆ ಗೊತ್ತಿತ್ತು. ಹೌದೇನು ಎಂದೆ. ಹೌದು ಎಂದ. ಇಬ್ಬರೂ ಎದ್ದು, ಬಟ್ಟೆಯ ಉಸುಕು ಝಾಡಿಸಿಕೊಂಡು ಅವನ ಮನೆಗೆ ಊಟಕ್ಕೆ ಹೋದೆವು.

ಹನ್ನೊಂದು ಕಥೆಗಳು ರದ್ದಿಗೆ ಹೋದ ಮೇಲೆ ಹುಸೇನ ಕಟ್ಟಿದ್ದು ಟಿಕೀಟಿನ ಈ ಒಂದು ಕಥೆ, ಅದೂ ನನ್ನ ಸಲುವಾಗಿ. ಅವನದು ಯಾವುದಾದರೂ ಅಚ್ಚಾಗುತ್ತಿದ್ದರೆ ಇದೇ ಮೊದಲನೆಯದು. ಲೇಖಕನನ್ನು ಕೇಳದೆ ಪ್ರಕಟಿಸಿದ್ದೇನೆ. ಓದಿ ಅವನು ಸಿಟ್ಟಾದರೆ ಆಗಲಿ, ಆ ನೆಪದಲ್ಲಾದರೂ ನಾಲ್ಕು ಸಾಲು ಬರೆದು ಕಳಿಸಿಯಾನು.